ಬಣ್ಣ ಯಾರದು, ಬಂಧ ಯಾರದು?

ಹಿಮೋಗ್ಲೋಬಿನ್‌ನ ಚಿತ್ರವನ್ನು ಪಠ್ಯಪುಸ್ತಕದಲ್ಲೋ ಪತ್ರಿಕೆಯಲ್ಲೋ ನೋಡದವರು ಕಡಿಮೆ. ಸುರುಳಿ ಸುತ್ತಿದ ರಿಬ್ಬನ್ನುಗಳ ನಾಲ್ಕು ಗಂಟು, ಪ್ರತಿ ಗಂಟಿನೊಳಗೆ ಚಪ್ಪಟೆಯಾದ ಒಂದು ಹೀಮ್, ಅದರ ನಟ್ಟನಡುವೆ ಕಬ್ಬಿಣದ ಗುಂಡು. ನೋಡಿದ ಕೂಡಲೇ ‘ಓ, ಇದು ಇರುವುದೇ ಹೀಗೆ’ ಎಂದುಕೊಂಡುಬಿಡುತ್ತೇವೆ. ಆದರೆ ಅದನ್ನು ಹೀಗೆ ಕಣ್ಣಾರೆ ಕಂಡವರು ಯಾರೂ ಇಲ್ಲ. ಪ್ರೋಟೀನಿನ ಹರಳಿಗೆ ಎಕ್ಸ್-ಕಿರಣ ಹಾಯಿಸಿ, ಅದು ಚದುರಿದ ಬಗೆಯನ್ನು ಲೆಕ್ಕಹಾಕಿ, ಯಾವ ಪರಮಾಣು ಎಲ್ಲಿದೆ ಎಂದು ಮೂರು ಮೂರು ಸಂಖ್ಯೆಗಳಲ್ಲಿ ಬರೆದಿಟ್ಟ ಉದ್ದನೆಯ ಪಟ್ಟಿಯೊಂದೇ ವಿಜ್ಞಾನಿಗಳ ಕೈಗೆ ಸಿಗುವುದು. ಆ ಪಟ್ಟಿಯಲ್ಲಿ ಬಣ್ಣವಿಲ್ಲ, ಗುಂಡಿನ ಗಾತ್ರವಿಲ್ಲ, ಬಹುಪಾಲು ಬಂಧಗಳೂ ಇಲ್ಲ.

ಇಲ್ಲದ್ದನ್ನೆಲ್ಲ ತುಂಬಿಕೊಡುವುದು ತಂತ್ರಾಂಶ. 1993ರಲ್ಲಿ ರೋಜರ್ ಸೇಯ್ಲ್ ಹೊರತಂದ ರಾಸ್‌ಮಾಲ್, ವಾರೆನ್ ಡಿಲಾನೊ 2000ದಲ್ಲಿ ಬಿಡುಗಡೆ ಮಾಡಿದ ಪೈಮಾಲ್, ಹಲವು ಕೈಗಳು ಕೂಡಿ ಬೆಳೆಸಿದ ಜೆಮಾಲ್, ಅವೊಗಾಡ್ರೊ ಇವೆಲ್ಲ ಮುಕ್ತವಾಗಿ ಬೆಳೆದ ತಂತ್ರಾಂಶಗಳು. ಇವುಗಳ ಸೋರ್ಸ್ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಓದಹೊರಟವರಿಗೆ ಮೂರು ಆಯಾಮದ ಚಿತ್ರ ಬಿಡಿಸುವ ಗಣಿತದ ಜೊತೆಗೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಕೋಷ್ಟಕಗಳು. ಯಾವ ಧಾತುವಿಗೆ ಯಾವ ಬಣ್ಣ, ಯಾವುದರ ತ್ರಿಜ್ಯ ಎಷ್ಟು, ಎಷ್ಟು ಹತ್ತಿರ ಬಂದರೆ ಬಂಧ, ಯಾವ ಅಮೈನೋ ಆಮ್ಲ ಯಾವ ಗುಂಪಿಗೆ ಸೇರಿದ್ದು. ರಸಾಯನಶಾಸ್ತ್ರದ ವ್ಯಾಖ್ಯೆಗಳು ಇಲ್ಲಿ ಅಂಕಿಗಳಾಗಿ ಕೂತಿವೆ. ಅವನ್ನು ಯಾರೋ ಬರೆದಿದ್ದಾರೆ, ಯಾರೋ ತಿದ್ದುತ್ತಲೂ ಇದ್ದಾರೆ. ಈ ಅಧ್ಯಾಯ ಅವರ ಕೆಲಸದ ಬಗ್ಗೆ.

ಮೊದಲು ಬಣ್ಣ

ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ, ಹೈಡ್ರೋಜನ್ ಬಿಳಿ, ಕಾರ್ಬನ್ ಕಪ್ಪು, ಕ್ಲೋರಿನ್ ಹಸಿರು. ಈ ಹಂಚಿಕೆ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು. 1865ರಲ್ಲಿ ಜರ್ಮನ್ ರಸಾಯನ ವಿಜ್ಞಾನಿ ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಾರ್ವಜನಿಕ ಉಪನ್ಯಾಸ ಕೊಡುವಾಗ ಕ್ರೋಕೆ ಆಟದ ಚೆಂಡುಗಳಿಗೆ ಇವೇ ಬಣ್ಣ ಬಳಿದು, ಕಡ್ಡಿಗಳಿಂದ ಜೋಡಿಸಿ ಅಣುಗಳನ್ನು ತೋರಿಸಿದ್ದ. 1953ರಲ್ಲಿ ರಾಬರ್ಟ್ ಕೋರಿ ಮತ್ತು ಲೈನಸ್ ಪೌಲಿಂಗ್ ಪ್ರೋಟೀನುಗಳಿಗೆಂದು ಅಳತೆಬದ್ಧ ಮಾದರಿಗಳನ್ನು ಮಾಡಿದರು. 1965ರಲ್ಲಿ ವಾಲ್ಟರ್ ಕೋಲ್ಟನ್ ಅವನ್ನು ಸುಧಾರಿಸಿದರು. ಮೂವರ ಹೆಸರಿನ ಮೊದಲಕ್ಷರ ಸೇರಿ ಅದು ‘ಸಿಪಿಕೆ’ ಪದ್ಧತಿಯಾಯಿತು. ಪರದೆಯ ಮೇಲೆ ಅಣು ಬಿಡಿಸಲು ಹೊರಟವರು ಅದೇ ಬಣ್ಣಗಳನ್ನು ಎತ್ತಿಕೊಂಡರು.

ಹಾಫ್‌ಮನ್ ಬಳಿದದ್ದು ಕೆಲವೇ ಧಾತುಗಳಿಗೆ. ನೂರಕ್ಕೂ ಮಿಕ್ಕಿದ ಧಾತುಗಳಿಗೆಲ್ಲ ಬಣ್ಣ ಹಂಚುವ ಹೊತ್ತಿಗೆ ತಂತ್ರಾಂಶಗಳು ತಮ್ಮ ತಮ್ಮ ದಾರಿ ಹಿಡಿದವು. ಜೆಮಾಲ್‌ನಲ್ಲಿ ಕಾರ್ಬನ್ ಬೂದು, ಪೈಮಾಲ್‌ನಲ್ಲಿ ಹಸಿರು. ಪೈಮಾಲ್‌ನ ಚಿತ್ರ ನೋಡಿ ಹಸಿರೆಲ್ಲ ಕ್ಲೋರಿನ್ ಎಂದುಕೊಂಡ ವಿದ್ಯಾರ್ಥಿಯದು ತಪ್ಪಲ್ಲ. ಅವನು ಕಲಿತದ್ದು ಬೇರೆ ಕೋಷ್ಟಕ, ಅಷ್ಟೇ. ಬಣ್ಣದಲ್ಲಿ ಸರಿ ತಪ್ಪು ಎಂಬುದಿಲ್ಲ, ಒಪ್ಪಂದ ಮಾತ್ರ. ಮುಂದಿನ ಕೋಷ್ಟಕಗಳು ಅಷ್ಟು ನಿರಪಾಯಕಾರಿಯಲ್ಲ.

ಎಲ್ಲಿ ಕಡ್ಡಿ ಎಳೆಯಬೇಕು?

ಪಟ್ಟಿಯಲ್ಲಿ ಬಂಧದ ಮಾಹಿತಿ ಇಲ್ಲದಿದ್ದಾಗ ತಂತ್ರಾಂಶ ದೂರ ನೋಡಿ ತೀರ್ಮಾನಿಸುತ್ತದೆ. ಪ್ರತಿ ಧಾತುವಿಗೂ ಒಂದು ಸಹವೇಲೆನ್ಸೀಯ ತ್ರಿಜ್ಯ ಉಂಟು. ಎರಡು ಪರಮಾಣುಗಳ ತ್ರಿಜ್ಯಗಳನ್ನು ಕೂಡಿ, ಅದಕ್ಕೆ ಸ್ವಲ್ಪ ರಿಯಾಯಿತಿ ಸೇರಿಸಿ, ಅವುಗಳ ನಡುವಿನ ದೂರ ಅದಕ್ಕಿಂತ ಕಡಿಮೆಯಿದ್ದರೆ ಕಡ್ಡಿ ಎಳೆ ಎಂಬುದು ನಿಯಮ. ಜೆಮಾಲ್ ಮಾಮೂಲಾಗಿ ಕೊಡುವ ರಿಯಾಯಿತಿ 0.45 ಆಂಗ್‌ಸ್ಟ್ರಾಮ್. (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು.) ಕಾರ್ಬನ್ನಿನ ತ್ರಿಜ್ಯ 0.76 ಎಂದಿಟ್ಟುಕೊಂಡರೆ ಎರಡು ಕಾರ್ಬನ್‌ಗಳಿಗೆ ಮಿತಿ 1.97. ನಿಜವಾದ ಏಕಬಂಧದ ಉದ್ದ 1.54, ದ್ವಿಬಂಧದ್ದು 1.34. ಎರಡೂ ಮಿತಿಯೊಳಗೇ ಬರುತ್ತವೆ. ಬಂಧವಿಲ್ಲದ ಕಾರ್ಬನ್‌ಗಳು ಸಾಮಾನ್ಯವಾಗಿ ಮೂರು ಆಂಗ್‌ಸ್ಟ್ರಾಮ್‌ಗಿಂತ ಆಚೆಗೇ ನಿಲ್ಲುತ್ತವೆ. ಒಂದೇ ಕಾರ್ಬನ್ನಿನ ಎರಡು ಬದಿಯ ನೆರೆಯವೂ ಎರಡೂವರೆ ಆಂಗ್‌ಸ್ಟ್ರಾಮ್ ದೂರದಲ್ಲಿರುತ್ತವೆ. ಇಲ್ಲಿ ನಿಯಮ ಚೊಕ್ಕವಾಗಿ ಕೆಲಸ ಮಾಡುತ್ತದೆ.

ಈಗ ಪ್ರೋಟೀನಿನ ಮೈಗೆ ಅಂಟಿಕೊಂಡ ಸೋಡಿಯಂ ಅಯಾನನ್ನೂ ಅದರ ಪಕ್ಕದ ನೀರಿನ ಅಣುವನ್ನೂ ನೋಡೋಣ. ಸೋಡಿಯಂನ ಸಹವೇಲೆನ್ಸೀಯ ತ್ರಿಜ್ಯ 1.66, ಆಕ್ಸಿಜನ್ನಿನದು 0.66. ರಿಯಾಯಿತಿ ಸೇರಿ ಮಿತಿ 2.77. ಸೋಡಿಯಂ ಅಯಾನಿನಿಂದ ನೀರಿನ ಆಕ್ಸಿಜನ್‌ಗೆ ಇರುವ ದೂರ ಸುಮಾರು 2.4. ಲೆಕ್ಕದ ಪ್ರಕಾರ ಕಡ್ಡಿ ಬೀಳಲೇಬೇಕು. ಆದರೆ ಉಪ್ಪು ನೀರಿನಲ್ಲಿ ಕರಗಿದಾಗ ಸೋಡಿಯಂಗೂ ನೀರಿಗೂ ನಡುವೆ ಇರುವುದು ವಿದ್ಯುದಾವೇಶದ ಸೆಳೆತ. ಎಲೆಕ್ಟ್ರಾನು ಹಂಚಿಕೊಂಡ ಬಂಧವಲ್ಲ ಎಂದು ಹೈಸ್ಕೂಲಿನಲ್ಲೇ ಕಲಿಸುತ್ತೇವೆ. ಪಾಠ ಒಂದು ಹೇಳುತ್ತದೆ, ಚಿತ್ರ ಇನ್ನೊಂದು. ತ್ರಿಜ್ಯದ ಅಂಕಿಯಲ್ಲೂ ತಪ್ಪಿಲ್ಲ, ಕೂಡುವುದರಲ್ಲೂ ತಪ್ಪಿಲ್ಲ. ಎಲೆಕ್ಟ್ರಾನು ಹಂಚಿಕೊಂಡ ಪರಮಾಣುಗಳಿಗೆಂದು ಮಾಡಿದ ಅಳತೆಯನ್ನು ಅಯಾನಿಗೆ ಹಚ್ಚಿದ್ದೇ ತಪ್ಪು. ಹೀಗಾಗಿ ಕೋಡು ಕಾಯುವವರು ಲೋಹಗಳಿಗೆ ವಿನಾಯಿತಿ ಬರೆಯಬೇಕಾಗುತ್ತದೆ. ಎಲ್ಲ ಲೋಹಕ್ಕೂ ಒಂದೇ ವಿನಾಯಿತಿ ಬರೆದರೆ ಹೀಮ್‌ನ ಕಬ್ಬಿಣ ನೈಟ್ರೋಜನ್‌ಗಳಿಂದ ಕಳಚಿಕೊಂಡು ಒಂಟಿಯಾಗಿ ತೇಲುತ್ತದೆ. ಒಂದು ಕಡೆ ಸರಿಮಾಡಿದ್ದು ಇನ್ನೊಂದು ಕಡೆ ಕೆಡುತ್ತದೆ.

ಚೆಂಡಿನ ಗಾತ್ರದ ಕಥೆಯೂ ಇದೇ. ಬಂಧವಿಲ್ಲದ ಪರಮಾಣುಗಳು ಒಂದಕ್ಕೊಂದು ಎಷ್ಟು ಹತ್ತಿರ ಬರಬಹುದು ಎಂಬುದನ್ನು ಹೇಳುವ ವಾನ್ ಡರ್ ವಾಲ್ಸ್ ತ್ರಿಜ್ಯಗಳನ್ನು 1964ರಲ್ಲಿ ಬಾಂಡಿ ಪಟ್ಟಿಮಾಡಿದ. ಅದರಲ್ಲಿ ಹೈಡ್ರೋಜನ್ನಿನದು 1.20 ಆಂಗ್‌ಸ್ಟ್ರಾಮ್. 1996ರಲ್ಲಿ ರೋಲ್ಯಾಂಡ್ ಮತ್ತು ಟೇಲರ್ ಸಾವಯವ ಹರಳುಗಳ ದತ್ತಾಂಶ ಜಾಲಾಡಿ ಅದು ಸುಮಾರು 1.10 ಇರಬೇಕೆಂದರು. ವ್ಯತ್ಯಾಸ ಅಲ್ಪ. ಆದರೆ ಪ್ರೋಟೀನಿನಲ್ಲಿ ಅರ್ಧದಷ್ಟು ಪರಮಾಣುಗಳು ಹೈಡ್ರೋಜನ್ನೇ. ಔಷಧದ ಅಣು ಕೂರಬೇಕಾದ ಪೊಟರೆ ಎಷ್ಟು ಅಗಲ ಎಂದು ಅಳೆಯುವವರಿಗೆ ಈ ಅಲ್ಪವೂ ಲೆಕ್ಕಕ್ಕೆ ಬರುತ್ತದೆ.

ಒಂದು ಖಾಲಿ ಜಾಗದ ಬೆಲೆ

ಪ್ರೋಟೀನ್ ರಚನೆಗಳ ಜಾಗತಿಕ ಭಂಡಾರ, ಪ್ರೋಟೀನ್ ಡೇಟಾ ಬ್ಯಾಂಕ್, 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಏಳು ರಚನೆಗಳೊಂದಿಗೆ ಶುರುವಾಯಿತು. ಈಗ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಅದರ ಹಳೆಯ ಕಡತ ನಮೂನೆ ಪಂಚ್ ಕಾರ್ಡಿನ ಕಾಲದ್ದು. ಸಾಲಿಗೆ 80 ಅಕ್ಷರ, ಪ್ರತಿ ವಿವರಕ್ಕೂ ಇಂತಿಷ್ಟೇ ಕಾಲಂ. ಪರಮಾಣುವಿನ ಹೆಸರಿಗೆ 13ರಿಂದ 16ರವರೆಗೆ ನಾಲ್ಕು ಕಾಲಂ. ಅದರಲ್ಲಿ ಮೊದಲ ಎರಡು ಧಾತುವಿನ ಸಂಕೇತಕ್ಕೆ. ಸಂಕೇತ ಒಂದೇ ಅಕ್ಷರದ್ದಾದರೆ ಮೊದಲ ಕಾಲಂ ಖಾಲಿ ಬಿಡಬೇಕು.

ಈ ಖಾಲಿ ಜಾಗದ ಮೇಲೆ ಎಷ್ಟು ನಿಂತಿದೆ ನೋಡಿ. ಪ್ರೋಟೀನಿನ ಬೆನ್ನೆಲುಬಿನಲ್ಲಿ ಪ್ರತಿ ಅಮೈನೋ ಆಮ್ಲಕ್ಕೂ ಒಂದು ಆಲ್ಫಾ ಕಾರ್ಬನ್ ಇರುತ್ತದೆ. ಅದರ ಹೆಸರು ‘ಸಿಎ’. ಕ್ಯಾಲ್ಸಿಯಂನ ಸಂಕೇತವೂ ‘ಸಿಎ’. 14ನೇ ಕಾಲಂನಿಂದ ಶುರುವಾದರೆ ಕಾರ್ಬನ್, 13ರಿಂದಲೇ ಶುರುವಾದರೆ ಕ್ಯಾಲ್ಸಿಯಂ. ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ ಕಾಲ್ಮಾಡ್ಯುಲಿನ್ ಪ್ರೋಟೀನನ್ನು ಪೈಮಾಲ್‌ನಲ್ಲಿ ತೆರೆದು, ‘ಸಿಎ’ ಎಂಬ ಹೆಸರಿನವನ್ನು ಆರಿಸು ಎಂದರೆ ನಾಲ್ಕು ಅಯಾನುಗಳ ಜೊತೆ ಬೆನ್ನೆಲುಬಿನ ಕಾರ್ಬನ್‌ಗಳೆಲ್ಲ ಎದ್ದು ನಿಲ್ಲುತ್ತವೆ. ಹೆಸರಿನಿಂದ ಕೇಳಬಾರದು, ಧಾತುವಿನಿಂದ ಕೇಳಬೇಕು.

ಹೀಮ್‌ನ ಸಂಗತಿ ಇದಕ್ಕಿಂತ ಮಜವಾಗಿದೆ. ಕಬ್ಬಿಣವನ್ನು ಸುತ್ತುವರಿದ ಅದರ ನಾಲ್ಕು ನೈಟ್ರೋಜನ್‌ಗಳ ಹೆಸರು ಎನ್‌ಎ, ಎನ್‌ಬಿ, ಎನ್‌ಸಿ, ಎನ್‌ಡಿ. ಯಾರೋ ಕಡತವನ್ನು ಕೈಯಾರೆ ತಿದ್ದುವಾಗ ಮುಂದಿನ ಖಾಲಿ ಜಾಗ ಅಳಿಸಿಹೋಯಿತು ಎನ್ನಿ. ಕಾಲಂ ನಂಬಿ ಓದುವ ತಂತ್ರಾಂಶಕ್ಕೆ ಎನ್‌ಎ ಸೋಡಿಯಂ ಆಗುತ್ತದೆ, ಎನ್‌ಬಿ ನಯೋಬಿಯಂ, ಎನ್‌ಡಿ ನಿಯೋಡಿಮಿಯಂ. ಎನ್‌ಸಿ ಸಂಕೇತದ ಧಾತು ಯಾವುದೂ ಇಲ್ಲದ್ದರಿಂದ ಅದೊಂದು ನೈಟ್ರೋಜನ್ನಾಗಿ ಬಚಾವ್. ರಕ್ತದ ಹೀಮ್ ಪರದೆಯ ಮೇಲೆ ಆವರ್ತ ಕೋಷ್ಟಕದ ಮೂರು ಮೂಲೆಯ ಲೋಹಗಳ ಜಾತ್ರೆಯಾಗುತ್ತದೆ. ಇದನ್ನು ತಪ್ಪಿಸಲೆಂದೇ ಸಾಲಿನ ಕೊನೆಗೆ, 77 ಮತ್ತು 78ನೇ ಕಾಲಂನಲ್ಲಿ, ಧಾತುವಿನ ಸಂಕೇತವನ್ನು ಬೇರೆಯಾಗಿ ಬರೆಯುವ ಪದ್ಧತಿ ಬಂತು. ಆದರೂ ಹಳೆಯ ಕಡತಗಳಲ್ಲಿ, ಬೇರೆ ಕಾರ್ಯಕ್ರಮಗಳು ಉಗುಳಿದ ಕಡತಗಳಲ್ಲಿ ಆ ಕಾಲಂ ಖಾಲಿಯಿರುವುದುಂಟು. ಆಗ ಊಹೆಯೇ ಗತಿ. ಇದು ಹೀಮ್‌ಗೆ ಸೇರಿದ್ದು, ಹೀಮ್‌ನಲ್ಲಿ ನಿಯೋಡಿಮಿಯಂ ಇರುವುದಿಲ್ಲ ಎಂಬ ತಿಳಿವಳಿಕೆಯನ್ನು ತಂತ್ರಾಂಶಕ್ಕೆ ಯಾರಾದರೂ ಹೇಳಿಕೊಟ್ಟಿರಬೇಕು.

ವಾರ ವಾರ ಬೆಳೆಯುವ ನಿಘಂಟು

ಆ ತಿಳಿವಳಿಕೆ ಇರುವುದು ಭಂಡಾರದವರೇ ನಡೆಸುವ ರಾಸಾಯನಿಕ ಘಟಕಗಳ ನಿಘಂಟಿನಲ್ಲಿ. ಇಪ್ಪತ್ತು ಅಮೈನೋ ಆಮ್ಲಗಳಿಂದ ಹಿಡಿದು ನೀರು, ಹೀಮ್, ಸಕ್ಕರೆ, ಔಷಧಗಳವರೆಗೆ ಯಾವುದೇ ರಚನೆಯಲ್ಲಿ ಕಾಣಿಸಿಕೊಂಡ ಪ್ರತಿ ಘಟಕಕ್ಕೂ ಅಲ್ಲಿ ಒಂದು ನಮೂದು ಇದೆ: ಪರಮಾಣುಗಳ ಹೆಸರು, ಯಾವುದು ಯಾವುದಕ್ಕೆ ಕೂಡಿದೆ, ಏಕಬಂಧವೋ ದ್ವಿಬಂಧವೋ, ಆವೇಶ ಎಷ್ಟು. ದೂರ ಅಳೆದು ಬಂಧ ಊಹಿಸುವ ಬದಲು ಈ ನಿಘಂಟನ್ನು ನೋಡುವುದು ಎಷ್ಟೋ ಮೇಲು. ಆದರೆ ಹೊಸ ರಚನೆಗಳ ಜೊತೆ ಅದು ವಾರ ವಾರ ಬೆಳೆಯುತ್ತದೆ. ತಂತ್ರಾಂಶದೊಳಗೆ ಪ್ರತಿ ಇಟ್ಟುಕೊಂಡರೆ ಬೇಗ ಹಳತಾಗುತ್ತದೆ. ಪ್ರತಿ ಸಲ ಜಾಲದಿಂದ ತರಿಸಿಕೊಂಡರೆ ಸಂಪರ್ಕವಿಲ್ಲದ ತರಗತಿಯಲ್ಲಿ ಕೆಲಸ ನಿಲ್ಲುತ್ತದೆ.

ನಿಘಂಟಿನವರೇ ಮಾತು ಬದಲಿಸಿದರೆ? 2007ರಲ್ಲಿ ಭಂಡಾರದ ಕಡತಗಳನ್ನೆಲ್ಲ ಶುದ್ಧೀಕರಿಸಿದಾಗ ಡಿಎನ್‌ಎಯ ಘಟಕಗಳಿಗೆ ಆರ್‌ಎನ್‌ಎಯವುಗಳಿಂದ ಬೇರೆಯಾದ ಹೆಸರು ಬಂತು. ಅಲ್ಲಿಯವರೆಗೆ ‘ಎ’ ಎಂದಿದ್ದದ್ದು ‘ಡಿಎ’ ಆಯಿತು. ಸಕ್ಕರೆಯ ಪರಮಾಣುಗಳ ಹೆಸರಿನಲ್ಲಿದ್ದ ನಕ್ಷತ್ರ ಚಿಹ್ನೆ ಹೋಗಿ ಪ್ರೈಮ್ ಚಿಹ್ನೆ ಬಂತು. ಭಂಡಾರದ ಕಡತ ಬದಲಾಯಿತು, ಜನರ ಕಂಪ್ಯೂಟರುಗಳಲ್ಲಿದ್ದ ಹಳೆಯ ಪ್ರತಿಗಳು ಬದಲಾಗಲಿಲ್ಲ. ಇವತ್ತಿಗೂ ತಂತ್ರಾಂಶಗಳು ಎರಡೂ ಹೆಸರನ್ನು ಗುರುತಿಸಬೇಕು.

ಘಟಕದ ಸಂಕೇತಕ್ಕೆ ಮೂರು ಅಕ್ಷರ ಎಂದು ನಿಗದಿಯಾಗಿತ್ತು. 26 ಅಕ್ಷರ, 10 ಅಂಕಿ. ಮೂರು ಸ್ಥಾನಕ್ಕೆ 36ರ ಘನ, ಅಂದರೆ 46,656 ಸಂಕೇತ. ಹಳೆಯ ನಮೂನೆ ಮಾಡಿದವರಿಗೆ ಇದು ಎಂದೂ ಮುಗಿಯದ ಗಂಟು ಎನಿಸಿದ್ದರೆ ಆಶ್ಚರ್ಯವಿಲ್ಲ. 2023ರ ಕೊನೆಗೆ ಗಂಟು ಕರಗಿತು. ಈಗ ಹೊಸ ಘಟಕಗಳಿಗೆ ಐದು ಅಕ್ಷರ. ಹಳೆಯ ನಮೂನೆಯ ಮೂರು ಕಾಲಂಗಳಲ್ಲಿ ಐದು ಅಕ್ಷರ ಹಿಡಿಸುವುದಿಲ್ಲ. ಮೂರೇ ಅಕ್ಷರವೆಂದು ನಂಬಿ ಬರೆದ ಕೋಡಿನ ಪ್ರತಿ ಸಾಲನ್ನೂ ಹುಡುಕಿ ತಿದ್ದುವ ಕೆಲಸ ತಂತ್ರಾಂಶದವರ ಪಾಲಿಗೆ ಬಂತು.

ಹಿಸ್ಟಿಡಿನ್ ಯಾವ ಪಂಗಡ?

ಇಲ್ಲಿಯವರೆಗಿನದು ಹೆಸರು, ಅಳತೆಗಳ ಮಾತು. ಇನ್ನು ನಿಜವಾದ ಕಗ್ಗಂಟು. ರಾಸ್‌ಮಾಲ್ ಬಳಕೆದಾರರ ಅನುಕೂಲಕ್ಕೆಂದು ಕೆಲವು ಸಿದ್ಧ ಗುಂಪುಗಳನ್ನು ಕೊಟ್ಟಿತು: ಆಮ್ಲೀಯ, ಪ್ರತ್ಯಾಮ್ಲೀಯ, ಆವೇಶವುಳ್ಳ, ಜಲವಿರೋಧಿ ಇತ್ಯಾದಿ. ಒಂದು ಪದ ಟೈಪಿಸಿದರೆ ಆ ಗುಂಪಿನ ಅಮೈನೋ ಆಮ್ಲಗಳೆಲ್ಲ ಆಯ್ಕೆಯಾಗುತ್ತವೆ. ಜೆಮಾಲ್ ಈ ಪದ್ಧತಿಯನ್ನು ಮುಂದುವರಿಸಿತು. ಪ್ರತ್ಯಾಮ್ಲೀಯ ಗುಂಪಿನಲ್ಲಿರುವುದು ಅರ್ಜಿನಿನ್, ಲೈಸಿನ್ ಮತ್ತು ಹಿಸ್ಟಿಡಿನ್.

ಮೊದಲಿನ ಎರಡರ ಬಗ್ಗೆ ತಕರಾರಿಲ್ಲ. ನಮ್ಮ ದೇಹದ್ರವದಲ್ಲಿ ಅವು ಸದಾ ಧನ ಆವೇಶ ಹೊತ್ತಿರುತ್ತವೆ. ಹಿಸ್ಟಿಡಿನ್ ಹಾಗಲ್ಲ. ಅದರ ಪಾರ್ಶ್ವ ಸರಪಳಿ ಅರ್ಧದಷ್ಟು ಆವೇಶ ಪಡೆಯುವುದು ಪಿಎಚ್ ಸುಮಾರು 6 ಇದ್ದಾಗ. ರಕ್ತದ ಪಿಎಚ್ 7.4. ಆ ಲೆಕ್ಕದಲ್ಲಿ ನೂರು ಹಿಸ್ಟಿಡಿನ್‌ಗಳಲ್ಲಿ ನಾಲ್ಕು ಮಾತ್ರ ಆವೇಶವುಳ್ಳವು. ರಾಸಾಯನಿಕವಾಗಿ ಅದು ಪ್ರತ್ಯಾಮ್ಲ ಹೌದು, ಪ್ರೋಟಾನನ್ನು ಸ್ವೀಕರಿಸಬಲ್ಲದು. ಆದರೆ ‘ಆವೇಶವುಳ್ಳ’ ಗುಂಪನ್ನು ‘ಆಮ್ಲೀಯ ಅಥವಾ ಪ್ರತ್ಯಾಮ್ಲೀಯ’ ಎಂದು ವ್ಯಾಖ್ಯಾನಿಸಿದ ಕೂಡಲೇ ಎಲ್ಲ ಹಿಸ್ಟಿಡಿನ್‌ಗಳೂ ಆವೇಶ ಹೊತ್ತುಬಿಡುತ್ತವೆ. ಪ್ರೋಟೀನಿನೊಳಗೆ ನೆರೆಹೊರೆಯನ್ನು ನೋಡಿಕೊಂಡು ಹಿಸ್ಟಿಡಿನ್‌ನ ಸ್ವಭಾವ ಇನ್ನೂ ಬದಲಾಗುತ್ತದೆ. ಎಷ್ಟೋ ಕಿಣ್ವಗಳು ಕೆಲಸ ಮಾಡುವುದೇ ಅದರ ಈ ಹೊಯ್ದಾಟದಿಂದ. ಒಂದು ಪದದ ಪಟ್ಟಿಗೆ ಅದು ಸಿಕ್ಕುವುದಿಲ್ಲ.

ಜಲವಿರೋಧಿ ಗುಂಪಿನ ಪಾಡೂ ಇದೇ. 1982ರಲ್ಲಿ ಕೈಟ್ ಮತ್ತು ಡೂಲಿಟಲ್ ಕೊಟ್ಟ ಪ್ರಸಿದ್ಧ ಮಾಪಕದಲ್ಲಿ ಐಸೋಲ್ಯೂಸಿನ್‌ಗೆ 4.5, ಅರ್ಜಿನಿನ್‌ಗೆ ಋಣ 4.5. ಸೊನ್ನೆಯ ಮೇಲಿದ್ದವು ನೀರನ್ನು ದೂರವಿಡುವವು. ಎರಡು ಉಂಗುರಗಳ ದೊಡ್ಡ ಟ್ರಿಪ್ಟೊಫಾನ್‌ಗೆ ಅಲ್ಲಿ ಸಿಕ್ಕಿದ್ದು ಋಣ 0.9. ಪಠ್ಯಪುಸ್ತಕಗಳು ಮಾತ್ರ ಅದನ್ನು ಜಲವಿರೋಧಿ ಎಂದೇ ಸೇರಿಸುತ್ತವೆ. ಹಾಗಾದರೆ ಕೋಷ್ಟಕದಲ್ಲಿ ಏನು ಬರೆಯುವುದು? ಯಾವುದಾದರೊಂದನ್ನು ಆರಿಸಿ, ಯಾವುದನ್ನು ಆರಿಸಿದೆವು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳುವುದೊಂದೇ ಪ್ರಾಮಾಣಿಕ ದಾರಿ.

ಬೆಂಗಳೂರಿನಿಂದ ಹೋದ ವ್ಯಾಖ್ಯೆ

ಹೈಡ್ರೋಜನ್ ಬಂಧ ಎಂದರೇನು ಎಂಬ ಪ್ರಶ್ನೆಗೆ ರಸಾಯನ ವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ 2011ರಲ್ಲಿ ಹೊಸ ಉತ್ತರ ಕೊಟ್ಟಿತು. ಅದನ್ನು ರೂಪಿಸಿದ ಕಾರ್ಯತಂಡದ ಮುಖ್ಯಸ್ಥರಾಗಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್, ಅದೇ ಸಂಸ್ಥೆಯ ಗೌತಮ್ ದೇಸಿರಾಜು ಕೂಡ ತಂಡದಲ್ಲಿದ್ದರು. ಫ್ಲೋರಿನ್, ಆಕ್ಸಿಜನ್, ನೈಟ್ರೋಜನ್‌ಗಳ ನಡುವಿನ ಸೆಳೆತ ಎಂಬ ಹಳೆಯ ಇಕ್ಕಟ್ಟಿನ ಮಾತನ್ನು ಅದು ಸಡಿಲಿಸಿತು. ತನಗಿಂತ ಹೆಚ್ಚು ಎಲೆಕ್ಟ್ರಾನು ಸೆಳೆಯುವ ಪರಮಾಣುವಿಗೆ ಅಂಟಿದ ಹೈಡ್ರೋಜನ್ ಇನ್ನೊಂದು ಪರಮಾಣು ಅಥವಾ ಗುಂಪಿನತ್ತ ಸೆಳೆಯಲ್ಪಟ್ಟಿರಬೇಕು, ಬಂಧ ಏರ್ಪಟ್ಟಿದೆ ಎಂಬುದಕ್ಕೆ ಸಾಕ್ಷ್ಯವಿರಬೇಕು ಎಂಬುದು ಅದರ ಸಾರ. ಕೋನ 180 ಡಿಗ್ರಿಗೆ ಹತ್ತಿರವಾದಷ್ಟೂ ಬಂಧ ಬಲ. 110 ಡಿಗ್ರಿಗಿಂತ ಹೆಚ್ಚಿದ್ದರೆ ಒಳ್ಳೆಯದು. ಇಂತಿಷ್ಟೇ ದೂರ ಎಂಬ ಒಂದು ಅಂಕಿಯನ್ನು ಅದು ಬೇಕೆಂದೇ ಕೊಡಲಿಲ್ಲ.

ತಂತ್ರಾಂಶಕ್ಕೆ ಅಂಕಿ ಬೇಕೇ ಬೇಕು. ಸೋರ್ಸ್ ಕೋಡ್ ಓದಸಿಗುವ ಇನ್ನೊಂದು ತಂತ್ರಾಂಶ ವಿಎಂಡಿ, ಹೈಡ್ರೋಜನ್ ಕೊಡುವ ಮತ್ತು ಪಡೆಯುವ ಪರಮಾಣುಗಳ ನಡುವೆ 3.0 ಆಂಗ್‌ಸ್ಟ್ರಾಮ್ ದೂರ, ನೇರ ಗೆರೆಯಿಂದ 20 ಡಿಗ್ರಿಯ ಓರೆ ಎಂದು ಮಾಮೂಲು ಮಿತಿ ಇಟ್ಟುಕೊಂಡಿದೆ. ಪೈಮಾಲ್ ಹೆಚ್ಚು ಉದಾರಿ: ಕೋನ ಚೆನ್ನಾಗಿದ್ದರೆ 3.6ರವರೆಗೆ, ಓರೆಯಾದಂತೆ 3.2ಕ್ಕೆ ಇಳಿಯುತ್ತದೆ, ಓರೆಯ ಮಿತಿ 63 ಡಿಗ್ರಿ. ಹೀಗಾಗಿ ಒಂದೇ ಕಡತವನ್ನು ಎರಡರಲ್ಲೂ ತೆರೆದರೆ ಪೈಮಾಲ್ ಚುಕ್ಕೆಗೆರೆ ಎಳೆದ ಎಷ್ಟೋ ಕಡೆ ವಿಎಂಡಿ ಸುಮ್ಮನಿರುತ್ತದೆ. 3.1 ಆಂಗ್‌ಸ್ಟ್ರಾಮ್ ದೂರದ ಬಂಧ ಪ್ರೋಟೀನಿನಲ್ಲಿ ಅಪರೂಪವೇನಲ್ಲ. ಒಂದರಲ್ಲಿ ಅದು ಉಂಟು, ಇನ್ನೊಂದರಲ್ಲಿ ಇಲ್ಲ. ‘ನಮ್ಮ ಔಷಧ ಕಿಣ್ವದೊಂದಿಗೆ ಐದು ಹೈಡ್ರೋಜನ್ ಬಂಧ ಮಾಡುತ್ತದೆ’ ಎಂದು ಬರೆಯುವವರು ಯಾವ ಮಿತಿ ಇಟ್ಟು ಎಣಿಸಿದೆವು ಎಂದೂ ಬರೆಯಬೇಕಾದದ್ದು ಇದಕ್ಕೇ.

ತಂತ್ರಾಂಶವೇ ತಿದ್ದಿದ ನಿಯಮ

ಎಲ್ಲ ಸಲವೂ ತಂತ್ರಾಂಶ ಹಿಂದೆ, ಶಾಸ್ತ್ರ ಮುಂದೆ ಎಂದೇನಿಲ್ಲ. ಪುದೀನದ ಪರಿಮಳಕ್ಕೂ ಸಬ್ಬಸಿಗೆ ಬೀಜದ ಪರಿಮಳಕ್ಕೂ ಕಾರಣವಾದದ್ದು ಕಾರ್ವೋನ್ ಎಂಬ ಒಂದೇ ಅಣುವಿನ ಎರಡು ರೂಪ. ಒಂದು ಇನ್ನೊಂದರ ಕನ್ನಡಿ ಬಿಂಬ. ಪುದೀನದ್ದು ‘ಆರ್’, ಸಬ್ಬಸಿಗೆಯದು ‘ಎಸ್’. ಈ ಗುರುತು ಹಚ್ಚುವ ನಿಯಮಗಳನ್ನು ಕಾನ್, ಇಂಗೋಲ್ಡ್, ಪ್ರೆಲೋಗ್ ಎಂಬ ಮೂವರು ರೂಪಿಸಿದರು. 1966ರ ಅವರ ಪ್ರಬಂಧ ಇದಕ್ಕೆ ಬುನಾದಿ. ಒಕ್ಕೂಟ 2013ರಲ್ಲಿ ನಿಯಮಗಳನ್ನು ವಿಸ್ತಾರವಾಗಿ ಪ್ರಕಟಿಸಿತು.

ಅಮೆರಿಕದ ಸೇಂಟ್ ಓಲಾಫ್ ಕಾಲೇಜಿನ ರಾಬರ್ಟ್ ಹ್ಯಾನ್ಸನ್ ಬಹುಕಾಲದಿಂದ ಜೆಮಾಲ್‌ನ ಚುಕ್ಕಾಣಿ ಹಿಡಿದವರು. ಈ ನಿಯಮಗಳನ್ನು ಕೋಡಿಗೆ ಇಳಿಸಹೊರಟಾಗ ಕಾರ್ವೋನ್‌ನಂಥ ಸರಳ ಅಣುಗಳಲ್ಲಿ ತೊಂದರೆಯಿಲ್ಲದಿದ್ದರೂ ಜಟಿಲ ಅಣುಗಳಲ್ಲಿ ತಂತ್ರಾಂಶದಿಂದ ತಂತ್ರಾಂಶಕ್ಕೆ ಉತ್ತರ ಬೇರೆಯಾಗುತ್ತಿತ್ತು. ನಾಲ್ಕು ತಂತ್ರಾಂಶಗಳ ಕರ್ತೃಗಳು ಕೂಡಿ ತಮ್ಮ ಫಲಿತಾಂಶಗಳನ್ನು ಒಂದೊಂದಾಗಿ ಹೋಲಿಸಿದರು. ಕೆಲವೆಡೆ ತಪ್ಪು ಕೋಡಿನದು, ಕೆಲವೆಡೆ ನಿಯಮದ ಮಾತೇ ಎರಡರ್ಥಕ್ಕೆ ಎಡೆಕೊಡುವಂತಿತ್ತು. ಮನುಷ್ಯ ಓದುವಾಗ ವಿವೇಕದಿಂದ ತುಂಬಿಕೊಳ್ಳುವ ಬಿರುಕುಗಳನ್ನು ಯಂತ್ರ ತುಂಬಿಕೊಳ್ಳುವುದಿಲ್ಲ. 2018ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಕೆಲವು ನಿಯಮಗಳ ಮಾತನ್ನು ಬಿಗಿಗೊಳಿಸಿ, ಆರನೆಯ ನಿಯಮವೊಂದನ್ನು ಸೂಚಿಸಿತು. ಮುಂದೆ ಯಾರು ಕೋಡು ಬರೆದರೂ ಪರೀಕ್ಷಿಸಿಕೊಳ್ಳಲಿ ಎಂದು 300 ಅಣುಗಳ ಪಟ್ಟಿಯನ್ನೂ ಕೊಟ್ಟಿತು.

ತಿದ್ದುವುದೂ ಸುಲಭವಲ್ಲ

2005ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಅಮೆರಿಕನ್ ರಸಾಯನ ಸಂಘದ ಸಮ್ಮೇಳನಕ್ಕೆ ಬಂದಿದ್ದ ಕೆಲವು ಮುಕ್ತ ತಂತ್ರಾಂಶದ ಗೆಳೆಯರು ನೀಲಿ ಬಣ್ಣದ ಸ್ತಂಭವೊಂದರ ಬಳಿ ಸೇರಿ ‘ಬ್ಲೂ ಒಬೆಲಿಸ್ಕ್’ ಎಂಬ ಬಳಗ ಕಟ್ಟಿಕೊಂಡರು. ಅವರಿಗಿದ್ದ ಕೊರಗುಗಳಲ್ಲಿ ಒಂದು ಇದೇ: ಪ್ರತಿ ತಂತ್ರಾಂಶವೂ ತ್ರಿಜ್ಯ, ತೂಕ, ಬಣ್ಣಗಳ ತನ್ನದೇ ಕೋಷ್ಟಕ ಇಟ್ಟುಕೊಂಡಿದೆ, ಯಾವ ಅಂಕಿ ಎಲ್ಲಿಂದ ಬಂತೆಂದು ಹೇಳುವವರಿಲ್ಲ. ಮೂಲದ ಉಲ್ಲೇಖದೊಂದಿಗೆ ಎಲ್ಲರಿಗೂ ಸಲ್ಲುವ ಒಂದು ದತ್ತ ಭಂಡಾರವನ್ನು ಅವರು ಶುರುಮಾಡಿದರು. 2016ರಲ್ಲಿ 113, 115, 117, 118ನೇ ಧಾತುಗಳಿಗೆ ನಿಹೋನಿಯಂ, ಮಾಸ್ಕೋವಿಯಂ, ಟೆನೆಸ್ಸೀನ್, ಒಗನೆಸ್ಸಾನ್ ಎಂದು ಅಧಿಕೃತ ಹೆಸರು ಬಂದಾಗ ಹಳೆಯ ತಾತ್ಕಾಲಿಕ ಸಂಕೇತಗಳನ್ನು ಕಿತ್ತು ಹೊಸದನ್ನು ನೆಡುವಂಥ ಸಣ್ಣ ಕೆಲಸಗಳೂ ಇಂಥ ಕೋಷ್ಟಕಗಳಲ್ಲಿ ಆಗಲೇಬೇಕು.

ಸರಿಯಾದ ಅಂಕಿ ಸಿಕ್ಕ ಮಾತ್ರಕ್ಕೆ ಹಳೆಯದನ್ನು ಅಳಿಸಿ ಬರೆಯುವಂತಿಲ್ಲ. ಒಬ್ಬ ಅಧ್ಯಾಪಕಿ ಹಳೆಯ ಬಣ್ಣಗಳನ್ನು ನಂಬಿ ಪಾಠ ಸಿದ್ಧಪಡಿಸಿರುತ್ತಾಳೆ. ಒಬ್ಬ ಸಂಶೋಧಕ ಹಳೆಯ ತ್ರಿಜ್ಯದಲ್ಲಿ ಅಳೆದ ಫಲಿತಾಂಶವನ್ನು ಪ್ರಕಟಿಸಿರುತ್ತಾನೆ. ಅಂಕಿ ಬದಲಾದರೆ ಅವರ ಚಿತ್ರ ಮುಂಚಿನಂತೆ ಮೂಡುವುದಿಲ್ಲ. ಜೆಮಾಲ್ ಇದಕ್ಕೆ ಕಂಡುಕೊಂಡ ದಾರಿ ಎರಡನ್ನೂ ಉಳಿಸಿಕೊಳ್ಳುವುದು: ಒಂದು ಆಜ್ಞೆ ಕೊಟ್ಟರೆ ರಾಸ್‌ಮಾಲ್ ಕಾಲದ ಬಣ್ಣ, ಇನ್ನೊಂದಕ್ಕೆ ರಾಸ್‌ಮಾಲ್ ಕಾಲದ ತ್ರಿಜ್ಯ. ಕೋಡು ದಪ್ಪಗಾಗುತ್ತದೆ, ನಿಜ. ಆದರೆ ಹಳೆಯ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಆಗದಿದ್ದರೆ ಅದು ವಿಜ್ಞಾನವಾಗಿ ಉಳಿಯುವುದಿಲ್ಲ.

ವ್ಯಾಖ್ಯೆ ತಪ್ಪಾಗಿರುವುದು ದೊಡ್ಡ ಅಪಾಯವಲ್ಲ, ತಿದ್ದಬಹುದು. ಮುಚ್ಚಿಟ್ಟ ವ್ಯಾಖ್ಯೆ ಅಪಾಯ. ಮುಕ್ತ ತಂತ್ರಾಂಶ ಮುಚ್ಚಿದ್ದಕ್ಕಿಂತ ಮೇಲು ಎನ್ನುವುದು ಅದು ಪುಕ್ಕಟೆ ಸಿಗುತ್ತದೆಂದಲ್ಲ. ಸೋಡಿಯಂಗೆ ಕಡ್ಡಿ ಎಳೆದದ್ದು ಯಾವ ಸಾಲು ಎಂದು ತೋರಿಸಿ, ‘ಇದು ಸರಿಯೇ?’ ಎಂದು ಕೇಳಲು ಅದು ಬಿಡುತ್ತದೆಂದು. ರಸಾಯನಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರು ಮುಂದಿನ ಸಲ ಪರದೆಯ ಮೇಲೆ ಅಣು ತಿರುಗಿಸುವಾಗ ಪಾಠಕ್ಕೂ ಚಿತ್ರಕ್ಕೂ ತಾಳೆಯಾಗದ್ದು ಕಂಡರೆ ತಮ್ಮನ್ನೇ ಅನುಮಾನಿಸಿಕೊಂಡು ಸುಮ್ಮನಾಗಬೇಡಿ. ಕೋಷ್ಟಕ ತೆರೆದು ನೋಡಿ, ಮೂಲ ಹುಡುಕಿ, ಬರೆದು ತಿಳಿಸಿ. ಈ ಕೋಷ್ಟಕಗಳ ಎಷ್ಟೋ ಅಂಕಿಗಳು ಸರಿಹೋಗಿರುವುದು ಹಾಗೆ ಬರೆದು ತಿಳಿಸಿದವರಿಂದಲೇ.